ಚಮನಸಾಬ ಸಡಿಲಿಸಿದ ಕೊಂಡಿ

ರಾಣೆಬೆನ್ನೂರಿನ ಪಿ.ಬಿ. ರೋಡಿಗೆ ಹೊಂದಿಕೊಂಡ ಗ್ಯಾರೇಜುಗಳ ಸಾಲಿನಲ್ಲಿ ಚಮನಸಾಬನ ಅಂಗಡಿಗೆ ಬೋರ್ಡು ಇರಲಿಲ್ಲ. ಬಾಗಿಲಿಗೆ ನೇತುಹಾಕಿದ ಹಳೆಯ ಸೀಟುಗಳೇ ಬೋರ್ಡು. ಮೋಟರ್‌ಸೈಕಲ್ ಸೀಟಿಗೆ ಕವರ್ ಹೊಲಿಯುವುದು, ಟ್ರ್ಯಾಕ್ಟರ್ ಸೀಟಿಗೆ ಹೊಸ ಸ್ಪಂಜು ಹಾಕುವುದು, ಲಾರಿ ಡ್ರೈವರುಗಳ ಬೆನ್ನಿಗೆ ದಿಂಬು ಮಾಡಿಕೊಡುವುದು ಅವನ ಕಸುಬು. ಅವನಪ್ಪ ಟಾಂಗಾಗಳಿಗೆ ಗಾದಿ ಹೊಲಿಯುತ್ತಿದ್ದವನು. ಟಾಂಗಾ ಹೋದವು, ಸೂಜಿ ಉಳೀತು ಎಂದು ಚಮನಸಾಬ ನಗುತ್ತ ಹೇಳುತ್ತಿದ್ದ. ಹೆಂಡತಿ ದೌಲತಬಿ ಅಂಗಡಿಯ ಹಿಂದಿನ ಮನೆಯಲ್ಲೇ ಮಷಿನ್ ಇಟ್ಟುಕೊಂಡು ಸಣ್ಣ ಹೊಲಿಗೆಯನ್ನೆಲ್ಲ ತಾನೇ ಮಾಡುತ್ತಿದ್ದಳು. ಹೆಲ್ಮೆಟ್ಟಿನ ಒಳಗಿನ ಬಟ್ಟೆ ಬೆವರಿಗೆ ಕೊಳೆತು ಹೋದರೆ ಅದನ್ನು ಬದಲಿಸುವುದು, ಹರಿದ ಪಟ್ಟಿ ತೆಗೆದು ಹೊಸದು ಹಾಕುವುದು ಅವಳ ಪಾಲಿನ ಕೆಲಸ.

ಗಿರಾಕಿಗೆ ಆಗುವುದಿಲ್ಲ ಎಂದು ಹೇಳುವುದು ಚಮನಸಾಬನಿಗೆ ಗೊತ್ತಿರಲಿಲ್ಲ. ಫೋಟೋ ಸ್ಟುಡಿಯೋದವನು ಕ್ಯಾಮೆರಾ ಚೀಲ ತಂದರೂ ಸೈ, ಗರಡಿಮನೆಯವರು ಮಣ್ಣು ಮೆತ್ತಿದ ಚರ್ಮದ ಪಟ್ಟಾ ತಂದರೂ ಸೈ. ತಿರುಗಿಸಿ ಮುರುಗಿಸಿ ನೋಡಿ, ಬಿಟ್ಟು ಹೋಗ್ರಿ ಎನ್ನುತ್ತಿದ್ದ. ಸಂಜೆ ಗಿರಾಕಿ ಬಂದು ಅದನ್ನು ಕೈಯಲ್ಲಿ ಹಿಡಿದು ಹುಬ್ಬೇರಿಸುವಾಗ ಅವನ ಮುಖ ನೋಡಬೇಕು. ಆ ಒಂದು ಹುಬ್ಬೇರಿಕೆಗಾಗಿ ಅವನು ಊಟ ಬಿಟ್ಟೂ ಕೂತು ಕೆಲಸ ಮಾಡಿದ್ದುಂಟು.

ಬ್ಯಾಡಗಿಯ ಶೇಖಪ್ಪ ಅವನ ಹಳೆಯ ಗಿರಾಕಿ, ಗೆಳೆಯ ಎಂದರೂ ತಪ್ಪಲ್ಲ. ಶೇಖಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರ ಪರವಾಗಿ ಊರೂರು ತಿರುಗಿ, ಹೊಲದಲ್ಲಿ ಬೆಳೆ ನಿಂತಿರುವಾಗಲೇ ನೋಡಿ ಬರುವವನು. ಹಲಗೇರಿ, ಐರಣಿ, ಗಳಗನಾಥ, ಹೊಳೆ ದಂಡೆಯ ಹಳ್ಳಿಗಳಲ್ಲೆಲ್ಲ ಅವನ ಯೆಜ್ಡಿ ಮೋಟರ್‌ಸೈಕಲ್ಲಿನ ಸದ್ದು ಗುರುತಿನದು. ಗಾಡಿಗಿಂತ ಅವನ ದನಿ ದೊಡ್ಡದು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ರಾಶಿಗಳ ನಡುವೆ ನಿಂತು ಅವನು ಒಬ್ಬರನ್ನು ಕರೆದರೆ ಆಚೆ ಸಾಲಿನ ಹಮಾಲರೂ ತಿರುಗಿ ನೋಡುತ್ತಿದ್ದರು. ದಾರಿಯಲ್ಲಿ ಯಾರು ಕಂಡರೂ ಗಾಡಿಯ ಮೇಲಿಂದಲೇ ಮಾತಾಡಿಸದೆ ಮುಂದೆ ಹೋಗುವ ಜಾಯಮಾನ ಅವನದಲ್ಲ.

ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲೇ ಇದ್ದ ಕೊನೆಯ ದಿನಗಳವು. ಶೇಖಪ್ಪನ ಹೆಂಡತಿ ಪ್ರೇಮವ್ವನ ಸಂಬಂಧಿಕರೊಬ್ಬರು ಮುಂಬಯಿಯಿಂದ ಬರುವಾಗ ಅವನಿಗೊಂದು ಹೆಲ್ಮೆಟ್ ತಂದುಕೊಟ್ಟಿದ್ದರು. ಅಂಥದ್ದನ್ನು ಈ ಕಡೆ ಯಾರೂ ನೋಡಿರಲಿಲ್ಲ. ಗದ್ದದ ಮುಂದಿನ ಭಾಗವೆಲ್ಲ ಕಿವಿಯ ಹತ್ತಿರದ ತಿರುಗಣಿಯ ಮೇಲೆ ಮೇಲಕ್ಕೆ ಏಳುತ್ತಿತ್ತು. ಮುಚ್ಚಿದರೆ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ಎತ್ತಿದರೆ ಬಾಯಿ ತೆರವು. ಎಲೆ ಅಡಿಕೆ ಹಾಕಿಕೊಳ್ಳುವ, ಕಂಡವರನ್ನೆಲ್ಲ ಕೂಗಿ ಮಾತಾಡಿಸುವ ಶೇಖಪ್ಪನಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಒಂದು ತೊಂದರೆ. ಒಂದು ದಿನ ಮಧ್ಯಾಹ್ನ ಅದನ್ನು ತಂದು ಚಮನಸಾಬನ ಮುಂದೆ ಇಟ್ಟು ಶೇಖಪ್ಪ ತೋರಿಸಿದ.

"ಎರಡೂ ಕಡೆ ಗುಂಡಿ ಒಮ್ಮೆಲೇ ಒತ್ತಬೇಕು ನೋಡು. ಗಾಡಿ ಹ್ಯಾಂಡಲ್ ಬಿಟ್ಟು ನಾ ಹೆಂಗ ಒತ್ಲಿ? ಒಂದ ಕೈಲೆ ಎತ್ತಿದ್ರ ಏಳಬೇಕು. ಆಗ್ತೈತೇನು?"

"ಯಾಕ ಆಗೂದಿಲ್ರಿ?" ಎಂದ ಚಮನಸಾಬ.

ಹೆಲ್ಮೆಟ್ಟಿನ ಒಳಗೆ, ಗದ್ದದ ಎರಡೂ ಬದಿಗೆ ಉಕ್ಕಿನ ಸಣ್ಣ ಕೊಂಡಿಗಳಿದ್ದವು. ಅವುಗಳ ತುದಿ ಮೊಳೆಯಂತೆ ಚೂಪಾಗಿ ಬಾಗಿ, ಕಚ್ಚಿಕೊಂಡರೆ ಬಿಡುತ್ತಿರಲಿಲ್ಲ. ಚಮನಸಾಬ ಕಬ್ಬಿಣ ಸವೆಸುವ ಕಾನಸು ಹಿಡಿದು ಆ ಎರಡೂ ತುದಿಗಳನ್ನು ಉಜ್ಜಿ ಉಜ್ಜಿ ಗುಂಡಗೆ ಮಾಡಿದ. ಈಗ ಎಳೆದರೆ ಕೊಂಡಿ ತಾನೇ ಜಾರಿ ಬಿಡುತ್ತಿತ್ತು. ಗಾಳಿಗೆ ಪಟಪಟ ಅನ್ನಬಾರದೆಂದು ಎರಡೂ ಬದಿಗೆ ಚರ್ಮದ ಸಣ್ಣ ಪಟ್ಟಿ ಕೂಡಿಸಿ, ಹೆಂಗಸರ ಪರ್ಸಿಗೆ ಹಾಕುವ ಟಿಚ್ ಬಟನ್ ಹಾಕಲು ದೌಲತಬಿಗೆ ಕೊಟ್ಟ. ಅವಳು ಹಾಕಿ, ಬೆರಳಿನಿಂದ ಎತ್ತಿ ನೋಡಿದಳು. ಟಕ್ ಎಂದು ಎದ್ದಿತು. ಇಷ್ಟು ಹಗುರ ಎದ್ದರೆ, ಮನುಷ್ಯ ಬಿದ್ದಾಗ ಇದು ನಿಲ್ಲುತ್ತದೆಯೇ ಎಂದು ಕೇಳಿದಳು.

ಆ ವಿಚಾರ ಚಮನಸಾಬನಿಗೂ ಕಾನಸು ಹಿಡಿದಾಗಲೇ ಬಂದಿತ್ತು. ಮಾಡಿದವನು ಇಷ್ಟು ಬಿಗಿಯಾಗಿ ಸುಮ್ಮನೆ ಮಾಡಿರಲಾರ ಅನಿಸಿತ್ತು. ಆದರೆ ಕೆಲಸ ಅರ್ಧಕ್ಕೆ ಬಂದಿತ್ತು, ಶೇಖಪ್ಪ ಸಂಜೆ ಬರುವವನಿದ್ದ. ಇಪ್ಪತ್ತು ವರ್ಷದಿಂದ ಗಾಡಿ ಹೊಡೆಯುವವನು ಯಾಕೆ ಬೀಳುತ್ತಾನೆ ಎಂದು ಹೆಂಡತಿಗೆ ಹೇಳಿ ಆ ಮಾತು ಮುಗಿಸಿಬಿಟ್ಟ.

ಶೇಖಪ್ಪ ಸಂಜೆ ಬಂದು ಒಂದು ಬೆರಳಿನಲ್ಲಿ ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಗ್ಯಾರೇಜಿನವರನ್ನೆಲ್ಲ ಕರೆದು ತೋರಿಸಿದ. ಮುಂಬಯಿಯವರಿಗೆ ತಿಳಿಯದ್ದು ನಮ್ಮ ಚಮನಸಾಬನಿಗೆ ತಿಳಿಯಿತು ಎಂದು ರೋಡಿಗೆಲ್ಲ ಕೇಳುವಂತೆ ಹೇಳಿ ಹೋದ. ಚಮನಸಾಬ ಅಂದು ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು ಆಡಿದ.

ಮುಂದೆ ಕಾರ್ತಿಕದ ಹೊತ್ತಿಗೆ, ಒಂದು ಬೆಳಿಗ್ಗೆ, ಶೇಖಪ್ಪ ಬ್ಯಾಡಗಿಯಿಂದ ಹೊರಟು ಮೋಟೆಬೆನ್ನೂರಿನ ಹತ್ತಿರ ಬರುವಾಗ ಬಿದ್ದ. ರೈತರು ರಸ್ತೆಯ ಅರ್ಧಕ್ಕೆ ಗೋವಿನಜೋಳ ಹರಡಿ ಒಣಗಿಸುತ್ತಿದ್ದರು. ಎದುರಿನಿಂದ ಬಸ್ಸು ಬಂತು, ಅವನು ಗಾಡಿಯನ್ನು ಬದಿಗೆ ತೆಗೆದುಕೊಂಡ, ಚಕ್ರದ ಕೆಳಗೆ ಕಾಳು ಉರುಳಿದವು. ಗಾಡಿ ಒಂದು ಕಡೆ, ಅವನು ಒಂದು ಕಡೆ. ಮುಖ ಅಡಿಯಾಗಿ ಡಾಂಬರಿನ ಮೇಲೆ ಜಾರಿಕೊಂಡು ಹೋದ. ಕೆಳದವಡೆ ಎರಡು ಕಡೆ ಮುರಿಯಿತು, ಮುಂದಿನ ಹಲ್ಲು ಹೋದವು, ನಾಲಿಗೆ ಸೀಳಿತು. ತಲೆಗೆ ಮಾತ್ರ ಏನೂ ಆಗಲಿಲ್ಲ. ಜೋಳದ ಹತ್ತಿರ ಕೂತಿದ್ದ ರೈತರೇ ಯಾವುದೋ ಜೀಪು ನಿಲ್ಲಿಸಿ ಅವನನ್ನು ದಾವಣಗೆರೆಗೆ ಸಾಗಿಸಿದರು.

ಸುದ್ದಿ ತಿಳಿದ ಮರುದಿನ ಚಮನಸಾಬ ಮತ್ತು ದೌಲತಬಿ ದಾವಣಗೆರೆಯ ಬಸ್ಸು ಹತ್ತಿದರು. ಆಸ್ಪತ್ರೆಯ ವಾರ್ಡಿನಲ್ಲಿ ಶೇಖಪ್ಪ ದಿಂಬಿಗೆ ಒರಗಿ ಕೂತಿದ್ದ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ಬಾಯಿ ಕಟ್ಟಿದ್ದರು. ಮುಖ ಊದಿ ಗುರುತು ಸಿಗದ ಹಾಗಿತ್ತು. ಪ್ರೇಮವ್ವ ಸಣ್ಣ ನಳಿಕೆಯಿಂದ ಗಂಜಿ ಕುಡಿಸುತ್ತಿದ್ದಳು. ಚಮನಸಾಬನನ್ನು ಕಂಡವಳೇ ಬಟ್ಟಲು ಕೆಳಗಿಟ್ಟು ಎದ್ದು ನಿಂತಳು.

"ಡಾಕ್ಟರು ಹೇಳಿದ್ರು ಅಣ್ಣಾರ, ಹೆಲ್ಮೆಟ್ ಇಲ್ಲದಿದ್ರ ಅಲ್ಲೇ ಮುಗೀತಿತ್ತು ಅಂತ. ಅವತ್ತು ಧೂಳಿ ಇತ್ತಂತ, ಹೆಲ್ಮೆಟ್ಟಿನ ಬಾಯಿ ಮುಚ್ಚಿಕೊಂಡೇ ಬಂದಾರ, ಅಲ್ಲಿದ್ದವರು ನೋಡ್ಯಾರ. ನಿಮ್ಮ ಕೈಯಾಗ ಹಾದು ಬಂದ ಸಾಮಾನು ಇವರ ಜೀವ ಉಳಿಸ್ತು."

ಹೀಗೆಂದು ಅವಳು ಎರಡೂ ಕೈ ಎತ್ತಿ ಅವನಿಗೆ ಮುಗಿದಳು. ಬಾಯಿ ಮುಚ್ಚಿಕೊಂಡೇ ಬಂದಿದ್ದ ಎಂಬುದೊಂದೇ ಚಮನಸಾಬನ ಕಿವಿಯಲ್ಲಿ ನಿಂತಿತು. ಮುಚ್ಚಿತ್ತಾದರೆ ದವಡೆ ಹೇಗೆ ಒಡೆಯಿತು? ಏನೋ ಹೇಳಲು ಬಾಯಿ ತೆರೆದವನು, ಹೆಲ್ಮೆಟ್ ಎಲ್ಲಿದೆ ಎಂದು ಕೇಳಿದ. ಅದು ಮಂಚದ ಕೆಳಗೆ ಒಂದು ಚೀಲದಲ್ಲಿತ್ತು. ಒಳಗಿನ ಬಟ್ಟೆಗೆಲ್ಲ ರಕ್ತ ಹತ್ತಿದೆ, ತೊಳೆದು ಕೊಡುತ್ತೇವೆ ಎಂದು ಹೇಳಿ ತೆಗೆದುಕೊಂಡ. ಪ್ರೇಮವ್ವ ಅದಕ್ಕೂ ಉಪಕಾರ ಹೇಳಿದಳು.

ಮನೆಗೆ ಬಂದು ಬೆಳಕಿಗೆ ಹಿಡಿದು ನೋಡಿದ. ಮೇಲಿನ ಚಿಪ್ಪು ಹಣೆಯ ಹತ್ತಿರ ಕೆರೆದು ಬಿಳಿಯಾಗಿತ್ತು. ಗದ್ದದ ಮುಂದಿನ ಭಾಗದ ಮೇಲೆ ಒಂದು ಗೀರೂ ಇರಲಿಲ್ಲ. ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಹೊಳೆಯುತ್ತಿತ್ತು. ನೆಲಕ್ಕೆ ಮುಖ ತಗಲುವ ಮೊದಲೇ, ಹಣೆಯ ಕಡೆ ಪೆಟ್ಟು ಬಿದ್ದ ಕೂಡಲೇ, ಅದು ತನ್ನ ಪಾಡಿಗೆ ತಾನು ಎದ್ದು ತಲೆಯ ಹಿಂದಕ್ಕೆ ಹೋಗಿತ್ತು. ತಡೆಯಬೇಕಾದ ಪೆಟ್ಟನ್ನೆಲ್ಲ ಶೇಖಪ್ಪನ ಮುಖ ತಡೆದಿತ್ತು. ಟಿಚ್ ಬಟನ್‌ಗಳು ಹರಿದಿರಲಿಲ್ಲ, ಬರೀ ಬಿಚ್ಚಿಕೊಂಡಿದ್ದವು.

ದೌಲತಬಿ ಪಕ್ಕದಲ್ಲೇ ಕೂತು ಎಲ್ಲ ನೋಡಿದಳು. ಅವರು ಮನೆಯಲ್ಲಿ ಉರ್ದುವಿನಲ್ಲಿ ಮಾತಾಡುವವರು. ಅವಳು ಮೆಲ್ಲಗೆ, ಈ ಬಟನ್ ಹಾಕಿದ್ದು ನಾನು ಎಂದಳು. ಅವನು, ಹಾಕಲು ಕೊಟ್ಟಿದ್ದು ನಾನು ಎಂದ. ಹೋಗಿ ಹೇಳು ಎಂದಳು. ಹೇಳುತ್ತೇನೆ, ಅವನಿಗೆ ಸ್ವಲ್ಪ ಆರಾಮ ಆಗಲಿ ಎಂದ. ಅವಳು ಒಳಗಿನ ಬಟ್ಟೆ ಬಿಚ್ಚಿ, ನೀರು ಬದಲಿಸಿ ಬದಲಿಸಿ ತೊಳೆದು ಬಿಸಿಲಿಗೆ ಹಾಕಿದಳು. ಮತ್ತೆ ಆ ಮಾತು ಎತ್ತಲಿಲ್ಲ. ಎತ್ತದೇ ಇದ್ದದ್ದೇ ಅವನಿಗೆ ಹೆಚ್ಚು ಕಷ್ಟವಾಯಿತು.

ಶೇಖಪ್ಪ ಮನೆಗೆ ಬಂದ ಮೇಲೆ, ಬಾಯಿಯ ತಂತಿ ಇನ್ನೂ ಇರುವಾಗಲೇ, ಪ್ರೇಮವ್ವ ದೇವರ ಹೆಸರಿನಲ್ಲಿ ಒಂದು ಊಟ ಇಟ್ಟಳು. ಚಮನಸಾಬನಿಗೂ ದೌಲತಬಿಗೂ ತಾನೇ ಹೇಳಿಕಳಿಸಿದ್ದಳು. ಹೋಗದೆ ಇರಲು ಅವನಿಗೆ ನೆಪ ಸಿಗಲಿಲ್ಲ. ಬ್ಯಾಡಗಿಯ ಆ ಮನೆಯ ಪಡಸಾಲೆಯಲ್ಲಿ ಅವನನ್ನು ಬೀಗರ ಸಾಲಿನಲ್ಲೇ ಕೂಡಿಸಿದರು. ಬಂದವರಿಗೆಲ್ಲ ಇವರೇ ಆ ಹೆಲ್ಮೆಟ್ ಕೆಲಸದವರು ಎಂದು ತೋರಿಸಿದರು. ಪ್ರೇಮವ್ವ ಹೋಳಿಗೆಯ ಮೇಲೆ ತುಪ್ಪ ಹಾಕಿದಳು, ಬೇಡವೆಂದರೂ ಇನ್ನೊಂದು ಹೋಳಿಗೆ ಹಾಕಿದಳು. ಎದುರಿಗೆ ಕುರ್ಚಿಯಲ್ಲಿ ಕೂತ ಶೇಖಪ್ಪ ಹೂರಣವನ್ನು ಹಾಲಿನಲ್ಲಿ ತಿಳಿಯಾಗಿ ಕದಡಿಸಿಕೊಂಡು ಹಲ್ಲಿನ ಸಂದಿಯಿಂದ ಹೀರುತ್ತಿದ್ದ. ಚಮನಸಾಬನ ಕಡೆ ನೋಡಿ ತನ್ನ ತಲೆಯನ್ನು ಬೆರಳಿನಿಂದ ತಟ್ಟಿ ತೋರಿಸಿದ. ಆಮೇಲೆ ಅವನ ಕಡೆ ಕೈ ಮಾಡಿ, ಎದೆಯ ಮೇಲೆ ಅಂಗೈ ಇಟ್ಟುಕೊಂಡ. ಮಾತು ಬಾರದ ಬಾಯಿಯ ಆ ಮಾತು ತಿಳಿದು ಚಮನಸಾಬ ತಾಟಿನ ಕಡೆ ಕಣ್ಣು ಇಳಿಸಿದ. ಇಷ್ಟು ಜನರ ಮುಂದೆ ಹೇಗೆ ಹೇಳಲಿ ಎಂದು ಸಮಾಧಾನ ಮಾಡಿಕೊಂಡು ತಾಟು ಬರಿದು ಮಾಡಿದ. ಬಸ್ಸಿನಲ್ಲಿ ಬರುವಾಗ ದೌಲತಬಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಅಲ್ಲಿಂದ ಮುಂದೆ ಅವನಿಗೆ ಕೆಲಸದಲ್ಲಿ ಕೈ ಕೂಡಲಿಲ್ಲ. ನಮಾಜಿಗೆ ಹೋಗಿ ಹಣೆ ನೆಲಕ್ಕೆ ತಗಲಿಸಿದರೆ ಡಾಂಬರು ನೆನಪಾಗುತ್ತಿತ್ತು. ಗ್ಯಾರೇಜಿನವರು ಶೇಖಪ್ಪನ ಕಥೆಯನ್ನು ಬಣ್ಣ ಕಟ್ಟಿ ಹೇಳುವಾಗ ಅವನು ಮಷಿನ್ ಜೋರಾಗಿ ತುಳಿಯುತ್ತಿದ್ದ.

ಎಷ್ಟು ದಿನ ಹೀಗೇ ಹೋಗುತ್ತಿತ್ತೋ, ಆದರೆ ಒಂದು ದಿನ ಹಲಗೇರಿಯ ಶಂಕ್ರಪ್ಪ ಬಂದ. ಶಂಕ್ರಪ್ಪ ಪ್ರೇಮವ್ವನ ತಮ್ಮ, ಶೇಖಪ್ಪನನ್ನು ಮಾವ ಎಂದು ಕರೆಯುವವನು, ಆಗಷ್ಟೇ ಮದುವೆಯಾಗಿದ್ದ ಹುಡುಗ. ಗಾಡಿ ನಿಲ್ಲಿಸಿ, ತಲೆಯ ಮೇಲಿದ್ದ ಹೊಸ ಹೆಲ್ಮೆಟ್ ತೆಗೆದು ಕಟ್ಟೆಯ ಮೇಲಿಟ್ಟ. ಮಾವ ಉಳಿದದ್ದು ನೋಡಿ ಅಂಥದ್ದನ್ನೇ ಮುಂಬಯಿಯಿಂದ ತರಿಸಿದ್ದ.

"ಮಾವನ ಹೆಲ್ಮೆಟ್ಟಿಗೆ ಮಾಡಿದ್ರಲ್ಲ ಕಾಕಾ, ಹಂಗ ಮಾಡಿಕೊಡ್ರಿ. ಬಾಳ ಬಿಗಿ ಐತಿ ಇದು."

ಚಮನಸಾಬ ಅದನ್ನು ಮುಟ್ಟಲಿಲ್ಲ. ಆಗುವುದಿಲ್ಲ ಎಂದ. ಅವನ ಬಾಯಿಂದ ಆ ಮಾತು ಕೇಳಿ ಪಕ್ಕದ ಪಂಚರ್ ಅಂಗಡಿಯವನೂ ತಲೆ ಎತ್ತಿದ. ಶಂಕ್ರಪ್ಪ ತಮಾಷೆ ಎಂದುಕೊಂಡ. ಕೆಲಸ ಬಹಳ ಇದ್ದರೆ ನಾಳೆ ಬರುತ್ತೇನೆ ಎಂದ. ನಾಳೆಯೂ ಆಗುವುದಿಲ್ಲ ಎಂದ ಚಮನಸಾಬ. ಹುಡುಗನಿಗೆ ಮನಸ್ಸಿಗೆ ಹತ್ತಿತು. ಮಾವನಿಗೆ ಮಾಡಿಕೊಟ್ಟವರು ನನಗೆ ಯಾಕೆ ಇಲ್ಲ ಅನ್ನುತ್ತೀರಿ, ಹಾವೇರಿಯಲ್ಲಿ ಇಂಥ ಕೆಲಸದವರು ಇದ್ದಾರೆ, ಅಲ್ಲೇ ಮಾಡಿಸುತ್ತೇನೆ ಎಂದು ಹೆಲ್ಮೆಟ್ ಎತ್ತಿಕೊಂಡು ಹೊರಟ.

ಚಮನಸಾಬ ಎದ್ದು ಹೋಗಿ ಅವನ ಗಾಡಿಯ ಹ್ಯಾಂಡಲ್ ಹಿಡಿದುಕೊಂಡ.

"ಅದ ಬಿಗಿ ಇರಬೇಕಪ್ಪ. ಬಿಗಿ ಇದ್ರನ ಬಾಯಿ ಉಳೀತೈತಿ. ನಾ ಕೊಂಡಿ ತಿಕ್ಕಿ ಸಡಲ ಮಾಡಿದ್ದಕ್ಕ ನಿಮ್ಮ ಮಾವನ ದವಡಿ ಹೋತು."

ಶಂಕ್ರಪ್ಪನಿಗೆ ಮೊದಲು ತಿಳಿಯಲಿಲ್ಲ. ಚಮನಸಾಬ ಅವನನ್ನು ಒಳಗೆ ಕರೆದುಕೊಂಡು ಹೋಗಿ, ಇನ್ನೂ ಹಿಂದಿರುಗಿಸದೆ ಇಟ್ಟುಕೊಂಡಿದ್ದ ಶೇಖಪ್ಪನ ಹಳೆಯ ಹೆಲ್ಮೆಟ್ ತೋರಿಸಿದ. ಉಜ್ಜಿದ ಕೊಂಡಿ, ಬಿಚ್ಚಿದ ಬಟನ್, ಗೀರಿಲ್ಲದ ಗದ್ದ, ಎಲ್ಲ ತೋರಿಸಿದ. ಆಮೇಲೆ ಹೊಸದನ್ನು ತೆಗೆದುಕೊಂಡು ಮುಚ್ಚಿ, ಎರಡೂ ಕೈಯಿಂದ ಬಲ ಹಾಕಿ ಎತ್ತಿದ. ಏಳಲಿಲ್ಲ. ಹಳೆಯದನ್ನು ಒಂದು ಬೆರಳಿನಿಂದ ಎತ್ತಿದ. ಎದ್ದಿತು. ಶಂಕ್ರಪ್ಪ ತನ್ನ ಹೆಲ್ಮೆಟ್ ಹಾಕಿಕೊಂಡು, ಪಟ್ಟಿ ಬಿಗಿದು, ಬಾಯಿ ಮುಚ್ಚಿ ಹೋದ. ಅವನು ಹಲಗೇರಿ ಕಡೆ ಹೋಗಲಿಲ್ಲ, ಬ್ಯಾಡಗಿ ಕಡೆ ಗಾಡಿ ತಿರುಗಿಸಿದ.

ಮರುದಿನ ಬೆಳಿಗ್ಗೆ ಚಮನಸಾಬ ತಾನೇ ಬ್ಯಾಡಗಿಗೆ ಹೋದ. ಬರುತ್ತೇನೆ ಎಂದ ದೌಲತಬಿಯನ್ನು ಬೇಡವೆಂದು ಬಿಟ್ಟು ಹೋದ. ಶೇಖಪ್ಪನ ಬಾಯಿಯ ತಂತಿ ತೆಗೆದು ಕೆಲವು ದಿನಗಳಾಗಿದ್ದವು. ಅವನು ಪಡಸಾಲೆಯಲ್ಲಿ ಕೂತಿದ್ದ. ಕೆಳದವಡೆ ಒಂದು ಕಡೆಗೆ ಸರಿದು ಮುಖ ಓರೆಯಾಗಿತ್ತು. ಕುಂದ್ರು ಎಂದು ಹೇಳಲಿಲ್ಲ. ಚಮನಸಾಬ ಹೊಸ್ತಿಲ ಹತ್ತಿರ ನಿಂತೇ, ಶಂಕ್ರಪ್ಪ ಹೇಳಿದ್ದೆಲ್ಲ ಖರೇ ಎಂದ. ದೌಲತಬಿ ಅಂದೇ ಕೇಳಿದ್ದಳು, ತನಗೂ ಅನುಮಾನ ಬಂದಿತ್ತು, ಹೊಗಳಿಕೆಯ ಆಸೆಗೆ ಮಾಡಿಬಿಟ್ಟೆ ಎಂದ.

ಶೇಖಪ್ಪ ಮಾತಾಡಿದ. ದನಿ ಇತ್ತು, ಆದರೆ ಶಬ್ದಗಳು ತುಟಿಯ ಹತ್ತಿರ ಬಂದು ಕದಡಿ ಹೋಗುತ್ತಿದ್ದವು. ಚಮನಸಾಬ ಮುಂದೆ ಬಾಗಿ ಕೇಳಬೇಕಾಯಿತು.

"ಮಾಡು ಅಂದಾಂವ ನಾನ. ಅದರಾಗ ನಂದೂ ತಪ್ಪೈತಿ. ಆದ್ರ ನನ್ನ ಮನ್ಯಾಗ ಕುಂತು ಉಂಡು, ಒಂದ ಮಾತು ಹೇಳಲಿಲ್ಲ ನೀ. ಅದು ನನಗ ಇಳೀವಲ್ದು."

ಒಳಗಿನ ಬಾಗಿಲಲ್ಲಿ ಪ್ರೇಮವ್ವ ನಿಂತಿದ್ದಳು. ಅವಳ ಕಣ್ಣು ಒಣಗಿದ್ದವು.

"ದವಾಖಾನ್ಯಾಗ ನಾ ನಿಮಗ ಕೈ ಮುಗಿದಿದ್ದೆ," ಎಂದಳು. "ಅದನ್ನ ವಾಪಸ್ ಕೊಡ್ರಿ."

ಚಮನಸಾಬ ಕೈ ಎತ್ತಿ ಅವಳಿಗೆ ಮುಗಿಯಲು ಹೋದ. ಅವಳು ಒಳಗೆ ಹೋಗಿಬಿಟ್ಟಿದ್ದಳು. ಅವನು ಮುಗಿದ ಕೈಯನ್ನು ಹಾಗೇ ಸ್ವಲ್ಪ ಹೊತ್ತು ಹಿಡಿದು, ಇಳಿಸಿ, ಬಸ್‌ಸ್ಟ್ಯಾಂಡಿಗೆ ನಡೆದ. ಪೇಟೆಯಲ್ಲಿ ಅಂದು ಮೆಣಸಿನಕಾಯಿ ಬಹಳ ಬಂದಿತ್ತು. ಗಾಳಿಯಲ್ಲಿ ಘಾಟು ತುಂಬಿತ್ತು, ದಾರಿಯಲ್ಲಿ ಎಲ್ಲರ ಕಣ್ಣಲ್ಲೂ ನೀರಿತ್ತು. ಅವನ ಕಣ್ಣು ನೋಡಿ ಯಾರೂ ಏನೂ ಕೇಳಲಿಲ್ಲ.

ಶೇಖಪ್ಪ ಆಮೇಲೆ ಹಳ್ಳಿ ತಿರುಗುವುದನ್ನು ಬಿಟ್ಟ. ದಲಾಲಿ ಅಂಗಡಿಯ ಒಳಗೆ ಕೂತು ಮೆಣಸಿನಕಾಯಿಯ ಬಣ್ಣ, ಸುಕ್ಕು ನೋಡಿ ಹೇಳುವ ಕೆಲಸ ಹಿಡಿದ. ಕೂಗುವ ಕೆಲಸ ಬೇರೆಯವರು ಮಾಡಿದರು. ರಾಣೆಬೆನ್ನೂರಿಗೆ ಬಂದರೂ ಆ ಗ್ಯಾರೇಜುಗಳ ಸಾಲಿಗೆ ಅವನು ಬರುತ್ತಿರಲಿಲ್ಲ.

ಚಮನಸಾಬ ಬದಲಾದ. ಹೆಲ್ಮೆಟ್ಟಿನ ಒಳಬಟ್ಟೆ, ಪಟ್ಟಿ ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲ ಎಂದು ಹೇಳತೊಡಗಿದ. ಬಾಯಿ ಎತ್ತುವ ಹೆಲ್ಮೆಟ್ ಹಾಕಿಕೊಂಡವರು ರೋಡಿನಲ್ಲಿ ಕಂಡರೆ ಸೂಜಿ ಬಿಟ್ಟು ಎದ್ದು ಹೋಗಿ ನಿಲ್ಲಿಸುತ್ತಿದ್ದ. ಮುಚ್ಚಿದ ಮೇಲೆ ಎರಡೂ ಕಡೆ ಕಚ್ಚಿದೆಯೋ ಇಲ್ಲವೋ ಮೇಲಕ್ಕೆಳೆದು ನೋಡಿರಿ, ಗದ್ದದ ಕೆಳಗಿನ ಪಟ್ಟಿ ಹಾಕಿಕೊಳ್ಳಿರಿ, ಗಾಡಿ ಓಡುವಾಗ ಬಾಯಿ ಮುಚ್ಚಿರಲಿ, ಮಾತಾಡಬೇಕಾದರೆ ಗಾಡಿ ನಿಲ್ಲಿಸಿರಿ ಎಂದು ಹೇಳುತ್ತಿದ್ದ. ಯಾಕೆ ಎಂದು ಕೇಳಿದವರಿಗೆ ತಾನು ಮಾಡಿದ್ದನ್ನು ಹೆಸರು ಸಮೇತ ಹೇಳುತ್ತಿದ್ದ, ಶೇಖಪ್ಪನ ಹೆಸರಲ್ಲ, ತನ್ನ ಹೆಸರು. ಕೆಲವರು ಕೇಳಿದರು, ಕೆಲವರು ನಕ್ಕರು. ಗ್ಯಾರೇಜಿನವರು ಅವನಿಗೆ ಬಾಯಿ ಮುಚ್ಚು ಸಾಬ ಎಂದು ಹೆಸರಿಟ್ಟರು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರು ಮಾಡಿಕೊಳ್ಳುವ ಹಕ್ಕು ತನಗಿಲ್ಲ ಎಂದು ದೌಲತಬಿಗೆ ಹೇಳಿದ. ಹೇಳಿದರೆ ಭಾರ ಇಳಿಯುತ್ತದೆ ಎಂದು ಅವನು ಅಂದುಕೊಂಡಿದ್ದ. ಪ್ರತಿ ಸಲ ಹೇಳಿದಾಗಲೂ ಮೋಟೆಬೆನ್ನೂರಿನ ಆ ರಸ್ತೆ ಮತ್ತೆ ಕಣ್ಣ ಮುಂದೆ ಬರುತ್ತಿತ್ತು.

ಹಾವೇರಿ ಜಿಲ್ಲೆಯಾಗಿ ವರ್ಷ ಕಳೆದ ಮೇಲೆ, ಒಂದು ಮಧ್ಯಾಹ್ನ ಶಂಕ್ರಪ್ಪನ ಗಾಡಿ ಅಂಗಡಿಯ ಮುಂದೆ ನಿಂತಿತು. ಹಿಂದೆ ಶೇಖಪ್ಪ ಕೂತಿದ್ದ. ಶಂಕ್ರಪ್ಪನಿಗೆ ಸೀಟಿನ ಕವರ್ ಬದಲಿಸಬೇಕಿತ್ತು. ಶೇಖಪ್ಪ ಇಳಿದು ಅಂಗಡಿಯ ಕಟ್ಟೆಯ ಮೇಲೆ ಕೂತ. ದೌಲತಬಿ ಒಳಗಿನಿಂದ ನೋಡಿ ಚಹಾ ಮಾಡಿ ಕಳಿಸಿದಳು. ಚಮನಸಾಬ ಬಸಿಯಲ್ಲಿ ಕಪ್ಪಿಟ್ಟು ಕೊಟ್ಟ. ಶೇಖಪ್ಪ ಒಂದು ಗುಟುಕು ಕುಡಿದ. ಓರೆಯಾದ ತುಟಿಯ ಮೂಲೆಯಿಂದ ಚಹಾ ಸೋರಿ ಗದ್ದಕ್ಕೆ ಇಳಿಯಿತು. ಅವನು ಅಂಗಿಯ ತೋಳಿನಿಂದ ಒರೆಸಿಕೊಂಡ. ಚಮನಸಾಬ ಸೀಟಿನ ಕಡೆ ಮುಖ ತಿರುಗಿಸಿ, ಇಲ್ಲದ ದಾರ ಹುಡುಕತೊಡಗಿದ.

"ಅತ್ತಾಗ ಯಾಕ ತಿರುಗತಿ?" ಎಂದ ಶೇಖಪ್ಪ. "ಇಲ್ಲಿ ನೋಡು."

ಚಮನಸಾಬ ತಿರುಗಿದ. ಶೇಖಪ್ಪ ಇನ್ನೊಂದು ಗುಟುಕು ಕುಡಿದ. ಮತ್ತೆ ಸೋರಿತು, ಮತ್ತೆ ಒರೆಸಿಕೊಂಡ. ಕಪ್ಪು ಖಾಲಿಯಾಗುವವರೆಗೆ ಚಮನಸಾಬ ಕಣ್ಣು ತೆಗೆಯದೆ ನೋಡುತ್ತ ಎದುರಿಗೇ ನಿಂತಿದ್ದ.